ಹಿರಿಯ ಗಾಲಿಯ ಅಡಿ ಗುರುತು

ಕೊನೆಗೂ ಆ ಗಾಲಿ ಮಗುಚಿಕೊಂಡಿತು.

ಅಷ್ಟರಲ್ಲಿ ನಿಧಾನಮ್ಮನ ಸೊಂಟ ಹಿಡಿದುಕೊಂಡಿತ್ತು. ನೆಲಮಾಳಿಗೆಯ ಚಾವಣಿ ತಗ್ಗು. ತಲೆ ಎತ್ತಿದರೆ ಕಲ್ಲು ಬಡಿಯುತ್ತದೆ, ತಗ್ಗಿಸಿದರೆ ಬೆನ್ನು ದೂರು ಹೇಳುತ್ತದೆ. ಬೆಳಿಗ್ಗೆಯಿಂದ ಅವಳು ಮಾಡಿದ್ದು ಒಂದೇ ಕೆಲಸ. ಹಲಗೆಗಳ ಮೇಲೆ ಸಾಲಾಗಿ ಕೂತಿದ್ದ ಚೀಸಿನ ಗಾಲಿಗಳನ್ನು ಒಂದೊಂದಾಗಿ ಎತ್ತಿ, ಅಡಿಯನ್ನು ಟಾರ್ಚಿನ ಬೆಳಕಿಗೆ ಹಿಡಿದು, ಮತ್ತೆ ಇದ್ದಲ್ಲೇ ಇಡುವುದು.

ಈ ಮನೆಯ ಚೀಸ್ ತಿಂದು ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಜೀವ ಬಿಟ್ಟಿದ್ದರು, ಪಕ್ಕದ ಬೀದಿಯ ಟೈಲರನ ಹೆಂಡತಿಗೆ ಹೊಟ್ಟೆಯಲ್ಲಿದ್ದ ಮಗು ಹೋಗಿತ್ತು. ಇವತ್ತು ಸಂಜೆ ಇಲಾಖೆಯವರು ಬಂದು ನೆಲಮಾಳಿಗೆಯ ಹಲಗೆಗಳನ್ನೆಲ್ಲ ಕಿತ್ತು ಸುಡುವವರಿದ್ದರು.

ನಿಧಾನಮ್ಮ ಅನ್ನುವುದು ಪೊಲೀಸ್ ಠಾಣೆಯಲ್ಲಿ ಅವಳಿಗೆ ಅಂಟಿಕೊಂಡ ಹೆಸರು. ಆರೋಗ್ಯ ಇಲಾಖೆಯವರು ತನಿಖೆಗೆಂದು ಅವಳನ್ನು ಎರವಲು ಪಡೆದಾಗ ಹೆಸರೂ ಹಿಂದೆಯೇ ಬಂತು. ಅವಳಿಗೆ ಅದರ ಬಗ್ಗೆ ಬೇಸರವಿಲ್ಲ. ಅವಸರದವರು ಬಿಟ್ಟುಹೋದದ್ದನ್ನು ಆರಿಸಿಕೊಂಡೇ ಅವಳು ಇಷ್ಟು ವರ್ಷ ಸಂಬಳ ತೆಗೆದುಕೊಂಡಿದ್ದಾಳೆ.

ಗಾಲಿಗಳನ್ನು ಮಗುಚಿ ನೋಡಬೇಕೆಂಬುದು ಅವಳ ತಲೆಗೆ ಹೊಳೆದದ್ದಲ್ಲ. ನಿನ್ನೆ ಕಚೇರಿಗೆ ಒಂದು ಫೋನ್ ಬಂದಿತ್ತು. ಹೆಂಗಸಿನ ದನಿ, ಬಾಯಿಗೆ ಬಟ್ಟೆ ಅಡ್ಡ ಇಟ್ಟುಕೊಂಡು ಮಾತಾಡಿದ ಹಾಗಿತ್ತು. ನೆಲಮಾಳಿಗೆಯ ಗಾಲಿಗಳನ್ನು ಮಗುಚಿ ನೋಡಿ ಅಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದಳು. ಯಾರು ಏನು ಎಂದು ಕೇಳುವುದಕ್ಕೂ ಬಿಡಲಿಲ್ಲ.

ಈಗ ಟಾರ್ಚಿನ ಬೆಳಕಿನಲ್ಲಿ ಅವಳಿಗೆ ಉತ್ತರ ಕಂಡಿತು.

"ಡಾಕ್ಟ್ರೇ, ಸ್ವಲ್ಪ ಬನ್ನಿ ಇಲ್ಲಿ."

ಮೆಟ್ಟಿಲ ಬಳಿ ತನ್ನ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ ಲ್ಯಾಬ್ ಡಾಕ್ಟರು ಏದುಸಿರು ಬಿಡುತ್ತ ಬಂದರು. ದೊಡ್ಡ ಮೈಯ ಮನುಷ್ಯ. ಊಟದ ವಿಷಯದಲ್ಲಿ ಯಾವತ್ತೂ ಸಂಕೋಚ ಪಟ್ಟವರಲ್ಲ. ಈ ಕೇಸು ಶುರುವಾದ ಮೇಲೆ ಮಾತ್ರ ಬಿಸ್ಕತ್ತಿನ ಪೊಟ್ಟಣ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು.

ಮಿಕ್ಕ ಗಾಲಿಗಳ ಅಡಿಯಲ್ಲೆಲ್ಲ ಮರದ ನರಗಳ ಅಚ್ಚು ಮೂಡಿತ್ತು. ತಿಂಗಳುಗಟ್ಟಲೆ ಹಲಗೆಯ ಮೇಲೆ ಕೂತ ಚೀಸಿಗೆ ಅದು ಸಹಜ. ಆದರೆ ಕೊಟ್ಟಕೊನೆಯ ಗೋಡೆಗೆ ಒತ್ತಿಕೊಂಡಿದ್ದ, ಎಲ್ಲಕ್ಕಿಂತ ಹಳೆಯದಾದ ಈ ಕಂದು ಗಾಲಿಯ ಅಡಿಯಲ್ಲಿ ಮರದ ನರಗಳ ಮೇಲೆ ಇನ್ನೊಂದು ಗುರುತು ಕೂತಿತ್ತು. ನೇರವಾದ, ಸಮನಾದ, ಒಂದರ ಪಕ್ಕ ಒಂದು ಗೆರೆ.

"ತಂತಿ," ಅಂದರು ಡಾಕ್ಟರು.

"ಫ್ರಿಜ್ಜಿನೊಳಗಿನ ತಂತಿ ತಟ್ಟೆ," ಅಂದಳು ನಿಧಾನಮ್ಮ. "ಈ ಮನೆಯಲ್ಲಿ ಫ್ರಿಜ್ ಇಲ್ಲ. ಈ ಗಾಲಿ ಹೊರಗೆ ಹೋಗಿ, ಎಲ್ಲೋ ಸಾಕಷ್ಟು ದಿನ ಕೂತು, ವಾಪಸು ಬಂದಿದೆ."

ಅದರಲ್ಲೇನು ವಿಶೇಷ ಎಂದು ಬೇರೆಯವರು ಕೇಳಬಹುದಿತ್ತು. ಡಾಕ್ಟರು ಕೇಳಲಿಲ್ಲ. ಮೊದಲ ದಿನವೇ ಮನೆಯ ಯಜಮಾನಿ ಇಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿ, ಕಾಲು ತೊಳೆಸಿ, ನೆಲಮಾಳಿಗೆಯ ಕಟ್ಟಳೆಗಳನ್ನು ಪಾಠ ಒಪ್ಪಿಸಿದ ಹಾಗೆ ಹೇಳಿದ್ದಳು. ಅದರಲ್ಲಿ ಮೊದಲನೆಯದು, ಹೊಸಿಲು ದಾಟಿ ಹೋದ ಗಾಲಿ ಒಳಗೆ ಬರಬಾರದು ಎನ್ನುವುದು. ಮಾರಾಟವಾಗದೆ ತಿರುಗಿ ಬಂದದ್ದೆಲ್ಲ ಹಿತ್ತಲ ಗುಂಡಿಗೆ.

ನಿಧಾನಮ್ಮನಿಗೆ ಇನ್ನೊಂದು ಕಟ್ಟಳೆ ನೆನಪಾಯಿತು.

ಈ ಮನೆಯಲ್ಲಿ ಗಾಲಿಗಳನ್ನು ವಾರವಾರವೂ ಉಪ್ಪುನೀರಿನಲ್ಲಿ ಒರೆಸುತ್ತಾರೆ. ಒಂದೇ ಬಕೆಟ್ಟು, ಒಂದೇ ಬಟ್ಟೆ. ಶುರು ಮಾಡುವುದು ಎಲ್ಲಕ್ಕಿಂತ ಹಳೆಯ ಗಾಲಿಯಿಂದ. ಅದರ ಸಿಪ್ಪೆಯ ಮೇಲಿನ ಜೀವ ಬಟ್ಟೆಗೆ ಹತ್ತಿ, ಬಟ್ಟೆಯಿಂದ ನೀರಿಗೆ ಇಳಿದು, ಅಲ್ಲಿಂದ ಪಕ್ಕದ್ದಕ್ಕೆ, ಅದರ ಪಕ್ಕದ್ದಕ್ಕೆ, ಕೊನೆಗೆ ನಿನ್ನೆ ಮೊನ್ನೆಯ ಎಳೆಯ ಗಾಲಿಗೆ ಸೇರುತ್ತದೆ. ಆ ಕಿತ್ತಳೆ ಬಣ್ಣ, ಆ ಘಾಟು ವಾಸನೆ, ಆ ರುಚಿ ಎಲ್ಲ ಬರುವುದು ಹಾಗೆ. ಹಿರಿಯರು ಕಿರಿಯರ ತಲೆ ಸವರಿದ ಹಾಗೆ ಎಂದು ಯಜಮಾನಿ ಹೆಮ್ಮೆಯಿಂದ ಹೇಳಿದ್ದಳು.

"ಹಿರಿಯ ಗಾಲಿಗೇ ರೋಗ ಹತ್ತಿದ್ದರೆ?" ಎಂದು ನಿಧಾನಮ್ಮ ಕೇಳಿದಳು.

ಡಾಕ್ಟರು ಗಾಲಿಯ ಮೈಯನ್ನು ಹತ್ತಿಯಿಂದ ಒರೆಸಿ, ಹತ್ತಿಯನ್ನು ಸೀಸೆಗೆ ಹಾಕಿ ಮುಚ್ಚಳ ತಿರುಗಿಸಿದರು. ಆಮೇಲೆ ಹೇಳಿದರು. ಹೋದ ವಾರ ಹಲಗೆಗಳನ್ನು ಕೆರೆದು ನೋಡಿದಾಗಿನಿಂದ ಅವರ ತಲೆ ತಿನ್ನುತ್ತಿದ್ದ ಸಂಗತಿಯೊಂದಿತ್ತು. ಹಳೆಯ ಮರದ ಹಲಗೆ ಎಂದ ಕೂಡಲೇ ಕೊಳಕು ಎಂದುಕೊಳ್ಳುತ್ತಾರೆ. ನಿಜವಾಗಿ ಅದರೊಳಗೆ ಒಳ್ಳೆಯ ಬ್ಯಾಕ್ಟೀರಿಯಾಗಳ ಊರೇ ಇರುತ್ತದೆ. ಅವು ಜಾಗ ಹಿಡಿದು ಕೂತಿರುವ ಕಡೆ ಕೆಟ್ಟದ್ದಕ್ಕೆ ಬಿಡಾರ ಹೂಡುವುದು ಕಷ್ಟ. ತಪ್ಪು ಹಲಗೆಗಳದ್ದೇ ಆಗಿದ್ದರೆ ನೆಲಮಾಳಿಗೆಯ ಮೂಲೆಮೂಲೆಯಲ್ಲೂ ಈ ಸಾವುಗಳಿಗೆ ಕಾರಣವಾದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸಿಗಬೇಕಿತ್ತು. ಸಿಕ್ಕಿದ್ದು ಒದ್ದೆ ಬಟ್ಟೆ ಓಡಾಡಿದ ದಾರಿಯಲ್ಲಿ ಮಾತ್ರ. ಎಳೆಯ, ಮೆತ್ತಗಿನ ಗಾಲಿಗಳ ಮೇಲೆ ಅದು ಸೊಗಸಾಗಿ ಬೆಳೆದುಕೊಂಡಿತ್ತು.

"ಹಾಗಾದ್ರೆ ಹಲಗೆ ಸುಡೋದು ಬೇಡ ಅಂತೀರಾ?"

"ಸಾಲು ಸಾಲು ಗಾಲಿ ಹೂತು ಹಾಕಲೇಬೇಕು. ಹಲಗೆ ವಿಷಯ ನಾನು ಮೇಲಿನವರ ಹತ್ರ ಮಾತಾಡ್ತೀನಿ. ಆದ್ರೆ ಎಲ್ಲಿಂದ ಬಂತು ಅನ್ನೋದು ಸಾಬೀತಾಗಬೇಕು."

ಎಲ್ಲಿಂದ ಬಂತು ಅನ್ನುವುದು ಒಂದು. ನಿಧಾನಮ್ಮನ ನಿದ್ದೆ ಕೆಡಿಸಿದ್ದು ಇನ್ನೊಂದು. ಅದು ಇನ್ನು ಯಾರ ಹೊಟ್ಟೆ ಸೇರಿದೆ? ಇದು ತಿಂದ ದಿನವೇ ಹೊಟ್ಟೆ ನೋಯಿಸಿ ಎಚ್ಚರಿಸುವ ರೋಗವಲ್ಲ. ವಾರಗಟ್ಟಲೆ ಸುಮ್ಮನಿದ್ದು, ಸಣ್ಣ ಜ್ವರದ ವೇಷ ಹಾಕಿಕೊಂಡು ಬರುತ್ತದೆ. ವಯಸ್ಸಾದವರು, ಬಸುರಿಯರು ಅಂದರೆ ಅದಕ್ಕೆ ಎಲ್ಲಿಲ್ಲದ ಪ್ರೀತಿ. ಬೇಗ ಗೊತ್ತಾದರೆ ಔಷಧಿಗೆ ಬಗ್ಗುತ್ತದೆ. ಬೇಗ ಗೊತ್ತಾಗುವುದೇ ಇಲ್ಲ. ಅಂಗಡಿಯಿಂದ ಚೀಸ್ ಕೊಂಡವರ ಮನೆಮನೆಗೂ ಅವಳು ಹೋಗಿ ಬಂದಿದ್ದಳು. ಆದರೂ ಯಾರೋ ಒಬ್ಬರು ಕೈತಪ್ಪಿ ಹೋಗಿದ್ದಾರೆ ಎಂದು ಅವಳ ಮನಸ್ಸು ಒಂದೇ ಸಮನೆ ಹೇಳುತ್ತಿತ್ತು.

ಗಾಲಿಯನ್ನು ಕೆಳಗಿಡುವ ಮುಂಚೆ ಅದರ ಅಂಚಿನ ಮೇಲೆ ಬೆರಳಾಡಿಸಿದಳು. ಗಾಲಿ ಇನ್ನೂ ಮೆತ್ತಗಿರುವಾಗ ಅದನ್ನು ಮಾಡಿದವರು ಅಂಚಿಗೆ ಹೆಬ್ಬೆರಳು ಒತ್ತುವುದು ಈ ಮನೆಯ ರೂಢಿ. ಇದರ ಮೇಲಿನ ಗುರುತು ಗಿಡ್ಡ. ತುದಿ ಇಲ್ಲದ ಹೆಬ್ಬೆರಳು.

ಅದರ ಪಕ್ಕದಲ್ಲೇ ಬೆರಳಿನ ಗಾತ್ರದ ಒಂದು ತೂತು, ಚೀಸಿನ ಚೂರಿನಿಂದಲೇ ಮುಚ್ಚಿದ್ದು. ರುಚಿ ನೋಡುವವರು ಉಕ್ಕಿನ ಕೊಳವೆ ಚುಚ್ಚಿ ಒಳಗಿನ ತಿರುಳು ತೆಗೆದು, ತುದಿಯನ್ನು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಮತ್ತೆ ತುರುಕಿ ಮುಚ್ಚುತ್ತಾರೆ. ಎಲ್ಲ ಗಾಲಿಗಳ ಮೇಲೂ ಅದಿತ್ತು. ನಿಧಾನಮ್ಮ ನೋಡಿದಳು, ಮುಂದಕ್ಕೆ ಹೋದಳು. ಹೀಗೆ ನೋಡಿಯೂ ಮುಂದಕ್ಕೆ ಹೋದದ್ದಕ್ಕೆ ಅವಳು ಆಮೇಲೆ ತನ್ನನ್ನೇ ಶಪಿಸಿಕೊಳ್ಳಬೇಕಾಯಿತು.

ಬೀದಿಯ ತುದಿಯಲ್ಲಿ ಯಜಮಾನಿಯ ತಮ್ಮನ ಅಂಗಡಿ. ಬೀದಿಯವರಿಗೆಲ್ಲ ಅವನು ಅಂಗಡಿ ಮಾಮ. ಬಾಗಿಲಿಗೆ ಇಲಾಖೆಯ ಸೀಲು ಬಿದ್ದಾಗಿನಿಂದ ಅವನು ಹೊರಗಿನ ಬೆಂಚಿನ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಿರುತ್ತಿದ್ದ. ಹೋಗಿಬರುವವರು ಅವನನ್ನು ನೋಡಿ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದರು.

ಸೀಲು ಒಡೆದು ನಿಧಾನಮ್ಮ ಒಳಗೆ ಹೋದಳು. ಹಿಂದಿನ ಕೋಣೆಯಲ್ಲಿ ಆಳೆತ್ತರದ ಫ್ರಿಜ್ಜು. ಅದರ ತಂತಿ ತಟ್ಟೆಯ ಮೇಲೆ ಕಾಗದ ಹಾಸಿ ಪೆನ್ಸಿಲಿನಿಂದ ಉಜ್ಜಿದಳು. ನೆಲಮಾಳಿಗೆಯಲ್ಲಿ ಗಾಲಿಯ ಅಡಿಯಿಂದ ಉಜ್ಜಿ ತಂದಿದ್ದ ಕಾಗದವನ್ನು ಅದರ ಮೇಲಿಟ್ಟಳು. ಗೆರೆಯ ಮೇಲೆ ಗೆರೆ ಕೂತಿತು.

ಅಂಗಡಿ ಮಾಮ ಮೊದಲು ಅದೂ ಇದೂ ಹೇಳಿ ಜಾರಿಕೊಳ್ಳಲು ನೋಡಿದ. ಕಾಗದ ಕಂಡ ಮೇಲೆ ದಾರಿಗೆ ಬಂದ. ಕೆಲವು ತಿಂಗಳ ಹಿಂದೆ ನೆಲಮಾಳಿಗೆಯಿಂದ ಮಾಲು ತರುವಾಗ ಅವಸರದಲ್ಲಿ ಆ ಹಳೆಯ ಗಾಲಿಯನ್ನೂ ಹೊತ್ತು ತಂದಿದ್ದನಂತೆ. ಕೊಳ್ಳುವವರು ಸಿಗಲಿಲ್ಲ. ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಹಾಗೇ ಉಳಿಯಿತು. ಮೇಲಿನ ತಟ್ಟೆಯಲ್ಲಿ ಏನಿಡುತ್ತಿದ್ದೆ ಎಂದು ಡಾಕ್ಟರು ಕೇಳಿದರು.

"ಹೊಗೆ ಹಾಕಿದ ಮೀನು ಸಾರ್. ಒಂದೊಂದ್ಸಲ ನೀರು ತೊಟ್ಟಿಕ್ತಿತ್ತು."

ಡಾಕ್ಟರು ಕಣ್ಣು ಮುಚ್ಚಿಕೊಂಡರು. ಅಂಥ ಮೀನಿನಲ್ಲಿ ಲಿಸ್ಟೀರಿಯಾ ಇರುವುದುಂಟು. ಬೇರೆ ಕ್ರಿಮಿಗಳು ಚಳಿಗೆ ಮುದುಡಿ ಮಲಗಿದರೆ ಅದು ಫ್ರಿಜ್ಜಿನಲ್ಲೂ ಸಂಸಾರ ಬೆಳೆಸುತ್ತದೆ, ಉಪ್ಪಿಗೂ ಜಗ್ಗುವುದಿಲ್ಲ. ಅದಕ್ಕೆ ಇದಕ್ಕಿಂತ ಒಳ್ಳೆಯ ತವರು ಬೇಕಿರಲಿಲ್ಲ.

"ಗುಂಡಿಗೆ ಹಾಕೋದು ಬಿಟ್ಟು ವಾಪಸು ಯಾಕೆ ಒಳಗಿಟ್ಟೆ?" ಎಂದು ನಿಧಾನಮ್ಮ ಕೇಳಿದಳು.

"ನಾನಿಟ್ಟಿಲ್ಲ ಮೇಡಂ. ಗುಂಡಿಗೆ ಅಂತಾನೇ ತಗೊಂಡು ಹೋದೆ. ಅಕ್ಕ ಬಂದು ಕೈಯಿಂದ ಇಸ್ಕೊಂಡ್ಲು. ಯಾಕೆ ಅಂತ ಕೇಳೋ ಧೈರ್ಯ ನಮ್ಮನೇಲಿ ಯಾರಿಗೂ ಇಲ್ಲ."

ಮನೆಯ ಜಗಲಿ ಹತ್ತುತ್ತಿದ್ದ ಹಾಗೇ ಸೀದ ಹಾಲಿನ ವಾಸನೆ ಮೂಗಿಗೆ ಹೊಡೆಯಿತು. ಡಾಕ್ಟರು ಕರವಸ್ತ್ರ ಹಿಡಿದುಕೊಂಡರು. ನಿಧಾನಮ್ಮ ಸೀದಾ ಅಡುಗೆಮನೆಗೆ ನುಗ್ಗಿದಳು. ಒಲೆಯ ಮೇಲಿನ ಪಾತ್ರೆಯಲ್ಲಿ ಹಾಲು ಉಕ್ಕಿ, ಚೆಲ್ಲಿ, ತಳ ಹಿಡಿದು ಕಪ್ಪಾಗುತ್ತಿತ್ತು. ಒಲೆಗೆ ಬೆನ್ನು ಹಾಕಿ, ಕೈಗೆಟಕುವಷ್ಟು ಹತ್ತಿರದಲ್ಲಿ, ಯಜಮಾನಿ ದೊಡ್ಡಮ್ಮ ಮೇಜಿನ ಮುಂದೆ ಕೂತು ಒರೆಸುವ ಬಟ್ಟೆಗಳನ್ನು ಮಡಿಸುತ್ತಿದ್ದಳು.

ನಿಧಾನಮ್ಮ ಉರಿ ಆರಿಸಿದ ಮೇಲೆಯೇ ದೊಡ್ಡಮ್ಮ ತಿರುಗಿ ನೋಡಿದ್ದು.

"ಅಯ್ಯೋ, ಯೋಚನೇಲಿ ಮರೆತೇ ಹೋಯ್ತು," ಅಂದಳು.

ಮೊದಲ ದಿನ ಇದೇ ಅಡುಗೆಮನೆಯಲ್ಲಿ ನಡೆದದ್ದು ನಿಧಾನಮ್ಮನಿಗೆ ನೆನಪಾಯಿತು. ಅವತ್ತು ಸೊಸೆಯೂ ಇಲ್ಲಿದ್ದಳು. ಏಳು ತುಂಬಿದ ಬಸುರಿ, ಮುಖದ ತುಂಬ ನಗು. ಒಳಗಿರುವವನು ಅಮ್ಮನ ಪಕ್ಕೆಯನ್ನೇ ಫುಟ್‌ಬಾಲ್ ಮೈದಾನ ಮಾಡಿಕೊಂಡಿದ್ದಾನೆ ಎಂದು ಹೇಳಿ, ನಿಧಾನಮ್ಮನ ಕೈಯನ್ನು ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು. ಅಂಗೈಗೆ ಬಲವಾದ ಒಂದು ಒದೆ ಸಿಕ್ಕಿತ್ತು. ಮಕ್ಕಳಿಲ್ಲದ ನಿಧಾನಮ್ಮನಿಗೆ ಆ ಒದೆ ಮನೆಗೆ ಹೋದ ಮೇಲೂ ಅಂಗೈಯಲ್ಲಿ ಉಳಿದುಕೊಂಡಿತ್ತು. ಚೀಸ್ ತಿಂದಿದ್ದೀಯಾ ಎಂದು ಡಾಕ್ಟರು ಅವತ್ತು ಅವಳನ್ನು ಬಿಡಿಸಿ ಬಿಡಿಸಿ ಕೇಳಿದ್ದರು. ಹಸಿ ಹಾಲಿನದು ಬೇಡ ಎಂದು ಆಸ್ಪತ್ರೆಯಲ್ಲಿ ಹೇಳಿದ ದಿನದಿಂದ ಮುಟ್ಟೇ ಇಲ್ಲ ಎಂದು ಅವಳು ಹೇಳಿದ್ದಳು.

ಇವತ್ತು ಬೆಳಿಗ್ಗೆ ಬಾಗಿಲು ತೆಗೆದವಳೂ ಅವಳೇ. ಬಿಸಿಲು ಏರುತ್ತಿದ್ದರೂ ಶಾಲು ಹೊದ್ದುಕೊಂಡಿದ್ದಳು. ನೆಲಮಾಳಿಗೆಯ ಚಳಿ ಮೈಗೆ ಹತ್ತಿಬಿಟ್ಟಿದೆ ಎಂದು ತಮಾಷೆ ಮಾಡಿ ಮಹಡಿಗೆ ಹೋಗಿದ್ದಳು. ಗಂಡ ಹಲಗೆಗಳಿಗಾಗಿ ಕಾಲಾವಕಾಶ ಕೇಳಲು ಇಲಾಖೆಯ ಕಚೇರಿಗೆ ಹೋಗಿದ್ದ.

"ಸೊಸೆ ಎಲ್ಲಿ?" ಎಂದು ನಿಧಾನಮ್ಮ ಕೇಳಿದಳು.

ಮೇಲೆ ಮಲಗಿದ್ದಾಳೆ, ಬೆನ್ನು ನೋವಂತೆ, ದಿನ ತುಂಬುತ್ತಾ ಬಂದ ಹಾಗೆ ಅದೆಲ್ಲ ಇದ್ದದ್ದೇ ಎಂದು ದೊಡ್ಡಮ್ಮ ಬಟ್ಟೆ ಮಡಿಸುವುದನ್ನು ಮುಂದುವರಿಸಿದಳು.

ನಿಧಾನಮ್ಮ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಎರಡೂ ಕಾಗದಗಳನ್ನು ಮೇಜಿನ ಮೇಲೆ ಹರಡಿದಳು. ದೊಡ್ಡಮ್ಮನ ಕೈ ನಿಂತಿತು. ತಂತಿಯ ಗೆರೆ ಏನೆಂದು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹೊಸಿಲು ದಾಟಿದ್ದು ಒಳಗೆ ಬರಬಾರದು ಅಂತ ನಮಗೆ ಪಾಠ ಹೇಳಿದ್ರಿ ದೊಡ್ಡಮ್ಮ."

ಈ ಮನೆಯಲ್ಲಿ ಎಲ್ಲರ ಬಾಯಿಗೂ ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವಳು ದೊಡ್ಡಮ್ಮ. ಈಗ ಆ ಬೀಗ ಅವಳ ಬಾಯಿಗೇ ಬಿದ್ದಿತ್ತು. ನಿಧಾನಮ್ಮ ಕಾದಳು. ಕಾಯುವುದರಲ್ಲಿ ಅವಳನ್ನು ಮೀರಿಸುವವರು ಠಾಣೆಯಲ್ಲೇ ಇರಲಿಲ್ಲ, ಇಲ್ಲೆಲ್ಲಿ ಬರಬೇಕು.

ಕೊನೆಗೆ ದೊಡ್ಡಮ್ಮ ತನ್ನ ಹೆಬ್ಬೆರಳನ್ನು ಮೇಜಿಗೆ ಒತ್ತಿದಳು.

"ಅದು ನಮ್ಮನೆಯವರು ಮಾಡಿದ ಕೊನೇ ಗಾಲಿ. ಅವರ ಬೆರಳಿನ ತುದಿ ಚಿಕ್ಕಂದಿನಲ್ಲೇ ಹಾಲಿನ ಕ್ಯಾನಿಗೆ ಸಿಕ್ಕಿ ಹೋಗಿತ್ತು. ಆ ಗುರುತು ಈ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಅದನ್ನ ಗುಂಡಿಗೆ ಹಾಕು ಅಂದ್ರೆ ಹೇಗೆ ಹಾಕ್ಲಿ? ಅವರನ್ನ ಮಣ್ಣು ಮಾಡಿ ವರ್ಷ ಆಗಿಲ್ಲ. ಇನ್ನೊಂದ್ಸಲ ಮಣ್ಣು ಮಾಡ್ಲಾ?"

ದೊಡ್ಡಮ್ಮನ ದನಿ ಏರಲಿಲ್ಲ. ಅದಕ್ಕೇ ಕೇಳಲು ಕಷ್ಟವಾಯಿತು. ನಿಧಾನಮ್ಮನಿಗೆ ಆ ಹೆಂಗಸಿನ ಕೈ ಹಿಡಿದುಕೊಳ್ಳಬೇಕೆನ್ನಿಸಿತು, ಹಿಡಿದುಕೊಳ್ಳಲಿಲ್ಲ. ಪೋಸ್ಟ್‌ಮ್ಯಾನ್ ಅವರ ಮನೆಯ ಬಾಗಿಲಲ್ಲಿ ಇನ್ನೂ ಹಾಗೇ ಇದ್ದ ಅವರ ಚಪ್ಪಲಿಗಳನ್ನು ಅವಳು ನೋಡಿ ಬಂದಿದ್ದಳು.

ವಾಪಸು ತಂದ ಗಾಲಿಯನ್ನು ಅದರ ಜಾಗದಲ್ಲೇ, ಹಿರಿಯರ ಮೂಲೆಯಲ್ಲೇ ಇಟ್ಟಿರಾ ಎಂದು ಡಾಕ್ಟರು ಕೇಳಿದರು. ಬೇರೆ ಎಲ್ಲಿಡುವುದು ಎನ್ನುವ ಹಾಗೆ ದೊಡ್ಡಮ್ಮ ಅವರನ್ನು ನೋಡಿದಳು. ಆ ವಾರದ ಒರೆಸುವ ಕೆಲಸ ಅದರಿಂದಲೇ ಶುರುವಾಗಿತ್ತು. ಅದರ ಮುಂದಿನ ವಾರವೂ. ಅವರ ಗಾಲಿ, ಅವರ ಆಶೀರ್ವಾದ ಎಲ್ಲಕ್ಕೂ ತಾಗಲಿ ಎಂದು ಆ ಗಾಲಿಯ ಮೇಲೆ ಬಟ್ಟೆಯನ್ನು ಇನ್ನೂ ಹೆಚ್ಚು ಹೊತ್ತು ಆಡಿಸುತ್ತಿದ್ದಳಂತೆ.

"ಆಮೇಲೆ ಪೋಸ್ಟ್‌ಮ್ಯಾನ್ ಹೋದರು ಅಂತ ಸುದ್ದಿ ಬಂತು," ಅಂದಳು ದೊಡ್ಡಮ್ಮ. "ಅವತ್ತೇ ನನಗೆ ಗೊತ್ತಾಯ್ತು. ಇದಕ್ಕೆಲ್ಲ ಕಾರಣ ನನ್ನ ಮೂಗು."

"ಮೂಗಾ?"

"ನಮ್ಮ ಮನೇಲಿ ಮೂಗೇ ಯಜಮಾನ್ರು ಮೇಡಂ. ಗಾಲಿ ಕೆಟ್ರೆ ಕಣ್ಣಿಗೆ ಕಾಣೋ ಮುಂಚೆ ಮೂಗಿಗೆ ಗೊತ್ತಾಗುತ್ತೆ. ನಮ್ಮತ್ತೆ ಹಾಗೇ ಹಿಡೀತಿದ್ರು, ನಾನೂ ಹಾಗೇ ಹಿಡೀತಿದ್ದೆ. ಅವರು ಹೋದ ಮೇಲೆ ನನಗೊಂದು ಜ್ವರ ಬಂತು. ಜ್ವರ ಹೋಯ್ತು, ಅದರ ಜೊತೆ ವಾಸನೇನೂ ಹೋಯ್ತು. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ಬರಲೇ ಇಲ್ಲ. ಮೂಗಿದ್ದಿದ್ರೆ ಆ ಗಾಲಿ ಕೆಟ್ಟಿದ್ದು ಹೊಸಿಲಲ್ಲೇ ಹಿಡೀತಿದ್ದೆ. ಎರಡು ಜೀವ ಉಳೀತಿತ್ತು."

ಒಲೆಯ ಮೇಲೆ ಕಪ್ಪಾದ ಪಾತ್ರೆಯನ್ನು ನಿಧಾನಮ್ಮ ನೋಡಿದಳು. ಯೋಚನೆಯಲ್ಲಿ ಮರೆತದ್ದಲ್ಲ ಅದು.

ಡಾಕ್ಟರು ಎಷ್ಟೋ ಹೊತ್ತಿನಿಂದ ಕೈಯಲ್ಲಿ ಹಿಡಿದಿದ್ದ ಬಿಸ್ಕತ್ತನ್ನು ಜೇಬಿಗೆ ಹಾಕಿದರು. ಅವರು ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಿಧಾನಮ್ಮ ಕೇಳಿರಲಿಲ್ಲ.

"ಇಲ್ಲಮ್ಮ. ಲಿಸ್ಟೀರಿಯಾಗೆ ವಾಸನೆ ಇಲ್ಲ. ರುಚಿನೂ ಇಲ್ಲ, ಬಣ್ಣನೂ ಇಲ್ಲ. ನಿಮ್ಮ ಮೂಗು ಸರಿ ಇದ್ದಿದ್ರೂ, ನಿಮ್ಮತ್ತೆಯವರ ಮೂಗು ಇದ್ದಿದ್ರೂ ಅದು ಸಿಗ್ತಿರಲಿಲ್ಲ. ನಮಗೂ ಯಂತ್ರದಲ್ಲಿಟ್ಟು ದಿನಗಟ್ಟಲೆ ಕಾದ ಮೇಲೇ ಗೊತ್ತಾಗೋದು. ತಪ್ಪಾಗಿದ್ದು ಗಾಲಿ ವಾಪಸು ಬಂದಾಗ. ಮೂಗಿನ ವಿಷಯಕ್ಕೆ ನಿಮ್ಮನ್ನ ನೀವು ಕೊಂದುಕೊಳ್ಳಬೇಡಿ."

ದೊಡ್ಡಮ್ಮ ಅವರನ್ನೇ ದಿಟ್ಟಿಸಿದಳು. ಮಡಿಸಿಟ್ಟ ಒರೆಸುವ ಬಟ್ಟೆಯೊಂದನ್ನು ಬಿಚ್ಚಿ ಮುಖಕ್ಕೆ ಒತ್ತಿಕೊಂಡು ಅತ್ತಳು. ಯಾರಿಗೂ ಹೇಳದೆ ಎದೆಯಲ್ಲಿಟ್ಟುಕೊಂಡದ್ದು ಒಂದೇ ಸಲಕ್ಕೆ ಹೊರಗೆ ಬಂತು. ಡಾಕ್ಟರು ಎದ್ದು ಹೋಗಿ ಕಿಟಕಿ ತೆರೆದರು, ಸೀದ ವಾಸನೆ ಹೋಗಲೆಂದೋ, ತಮ್ಮ ಕಣ್ಣು ಯಾರಿಗೂ ಕಾಣಬಾರದೆಂದೋ.

ಇಲ್ಲಿಗೆ ಮುಗಿದಿದ್ದರೆ ನಿಧಾನಮ್ಮ ವರದಿ ಬರೆದು ಮನೆಗೆ ಹೋಗಬಹುದಿತ್ತು. ಹಲಗೆಗಳು ಉಳಿದರೂ ಉಳಿಯಬಹುದಿತ್ತು. ಆದರೆ ಅವಳಿಗೆ ನೆಲಮಾಳಿಗೆಯ ಸಾಲು ಮತ್ತೆ ಕಣ್ಣಿಗೆ ಕಟ್ಟಿತು. ಅಂಚಿನಲ್ಲಿ ಹೆಬ್ಬೆರಳ ಗುರುತು. ಅದರ ಪಕ್ಕ ಬೆರಳಿನ ಗಾತ್ರದ ತೂತು, ಚೀಸಿನ ಚೂರಿನಿಂದ ಮುಚ್ಚಿದ್ದು. ಎಲ್ಲ ಗಾಲಿಗಳ ಮೇಲೂ. ಎಳೆಯವುಗಳ ಮೇಲೂ.

"ದೊಡ್ಡಮ್ಮ, ಅವರು ಹೋದ ಮೇಲೆ ನಿಮಗೆ ವಾಸನೆ ಗೊತ್ತಾಗ್ತಿಲ್ಲ ಅಂದ್ರಿ. ವಾಸನೆ ಇಲ್ಲದಿದ್ರೆ ನಾಲಗೆಗೂ ಉಪ್ಪು ಹುಳಿ ಬಿಟ್ಟು ಏನೂ ತಿಳಿಯಲ್ಲ. ಕೆಳಗಿರೋ ಗಾಲಿಗಳನ್ನೆಲ್ಲ ಚುಚ್ಚಿ ರುಚಿ ನೋಡಿದ್ದು ಯಾರು?"

ಅಳು ನಿಂತಿತು. ಬಟ್ಟೆ ಮುಖದ ಮೇಲೇ ಉಳಿಯಿತು.

"ನಾನೇ," ಅಂದಳು ಒಳಗಿನಿಂದ.

"ನೀವಲ್ಲ."

"ಊರಿಗೆ ಗೊತ್ತಾದ್ರೆ ಮನೆ ಮಾನ ಏನಾಗುತ್ತೆ ಮೇಡಂ? ಮೂಗಿಲ್ಲದವಳ ಕೈ ಚೀಸ್ ಯಾರು ಕೊಳ್ತಾರೆ? ನಾನು ಕೇಳಿಕೊಳ್ಳಲಿಲ್ಲ. ಅವಳೇ ಕಂಡುಹಿಡಿದ್ಲು, ಅವಳೇ ಬಂದು, ಅತ್ತೆ ಕೊಳವೆ ಇಲ್ಲಿ ಕೊಡಿ ಅಂದ್ಲು. ನನ್ನ ಮಗನಿಗೂ ಹೇಳಲಿಲ್ಲ. ಬರೀ ಒಂದು ಚೂರು, ನಾಲಗೆ ತುದಿಗೆ. ಆಸ್ಪತ್ರೆಯವರು ತಿನ್ನಬೇಡ ಅಂದಿದ್ರು, ನಾವು ಇದನ್ನ ತಿನ್ನೋದು ಅಂತ ಅಂದುಕೊಳ್ಳಲೇ ಇಲ್ಲ. ರುಚಿ ನೋಡೋದು ಕೆಲಸ, ಊಟ ಅಲ್ವಲ್ಲ ಅಂದ್ಕೊಂಡ್ವಿ. ನೀವು ಬಂದು ಹೇಳಿದ ಮೇಲೆ ಮುಟ್ಟಿಲ್ಲ. ಆಣೆ ಮಾಡಿ ಹೇಳ್ತೀನಿ, ಆಮೇಲೆ ಮುಟ್ಟಿಲ್ಲ."

ವಾರವಾರ ಸಾಲು ಸಾಲು ಗಾಲಿ. ಪ್ರತಿಯೊಂದರಿಂದಲೂ ಒಂದು ಚೂರು. ಗಾಲಿ ಎತ್ತಿ ಚುಚ್ಚುವಾಗ ತಂತಿಯ ಗುರುತೂ ಸೊಸೆಗೆ ಕಂಡಿರಬೇಕು. ಬಿಸಿಲಿನಲ್ಲಿ ಶಾಲು. ಬೆನ್ನು ನೋವು. ಆಸ್ಪತ್ರೆಗೆ ಹೋದರೆ ಏನು ತಿಂದೆ ಎಂದು ಕೇಳುತ್ತಾರೆ, ಹೇಳಿದರೆ ಅತ್ತೆಯ ಗುಟ್ಟು ಬಯಲಾಗುತ್ತದೆ. ಹೇಳದೆ ಇದ್ದರೆ ಮನಸ್ಸು ಕೇಳುವುದಿಲ್ಲ. ಆಗ ಬಾಯಿಗೆ ಬಟ್ಟೆ ಅಡ್ಡ ಇಟ್ಟುಕೊಂಡು ಫೋನ್ ಮಾಡುತ್ತಾರೆ.

ಡಾಕ್ಟರು ಆಗಲೇ ಫೋನ್ ತೆಗೆದು ಆಂಬುಲೆನ್ಸಿಗೆ ದಾರಿ ಹೇಳುತ್ತಿದ್ದರು.

ನಿಧಾನಮ್ಮ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು. ಮಹಡಿಯ ಮೆಟ್ಟಿಲುಗಳನ್ನು ಓಡಿ ಹತ್ತಿದಳು. ಠಾಣೆಯವರು ನೋಡಿದ್ದರೆ ಹೆಸರು ವಾಪಸು ತೆಗೆದುಕೊಳ್ಳುತ್ತಿದ್ದರು. ಹಿಂದೆ ದೊಡ್ಡಮ್ಮನ ಹೆಜ್ಜೆ ಎಡವುತ್ತ ಬರುತ್ತಿತ್ತು.

ಬಾಗಿಲು ಮುಂದಕ್ಕೆ ಹಾಕಿತ್ತು, ಚಿಲಕ ಇರಲಿಲ್ಲ. ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಮಂಚದವರೆಗೂ ಬಂದಿತ್ತು. ಸೊಸೆ ಮಂಚದ ಅಂಚಿನಲ್ಲಿ, ಶಾಲನ್ನು ಕತ್ತಿನವರೆಗೂ ಎಳೆದುಕೊಂಡು ಕೂತಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು. ನಿಧಾನಮ್ಮ ಹಣೆ ಮುಟ್ಟಿದಳು, ಕಾದ ಹೆಂಚು.

"ಫೋನ್ ಮಾಡಿದ್ದು ನೀನೇನಮ್ಮಾ?"

ಅವಳು ಹೌದೆಂದು ತಲೆಯಾಡಿಸಿದಳು. ಒಳಗೆ ಬಂದ ಡಾಕ್ಟರ ಕಡೆಗಾಗಲಿ, ಭುಜ ಹಿಡಿದಿದ್ದ ನಿಧಾನಮ್ಮನ ಕಡೆಗಾಗಲಿ ನೋಡಲಿಲ್ಲ. ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಅಂಗೈ ಚಪ್ಪಟೆಯಾಗಿ ಒತ್ತಿಕೊಂಡು ಏನನ್ನೋ ಕಾಯುವ ಹಾಗೆ ಕೂತಿದ್ದಳು. ಬಾಗಿಲಲ್ಲಿ ದೊಡ್ಡಮ್ಮ ಕಂಡ ಮೇಲೆ ಅವಳ ಕಣ್ಣು ತುಂಬಿತು.

"ಅತ್ತೆ," ಅಂದಳು, "ಬೆಳಿಗ್ಗೆಯಿಂದ ಇವನು ಒದ್ದೇ ಇಲ್ಲ."